ಮಾಜಿ ಸೈನಿಕರಿಗೆ ಸಹಾಯ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸರ್, ನಾನು ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿದ್ದು ನಿವೃತ್ತನಾದವನು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮಾಜಿ ಸೈನಿಕರು ಜಾಸ್ತಿ. ಪಿಂಚಣಿ ಬ್ಯಾಂಕಿನಿಂದ ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಾದ ಸ್ಪರ್ಶ್‌ಗೆ ಹೋದಮೇಲೆ ಎಲ್ಲರೂ ನನ್ನ ಹತ್ರಾನೇ ಬರುತ್ತಾರೆ. ಫೋನ್ ಇಲ್ಲದವರಿಗೆ ಅದರಲ್ಲಿ ನನ್ನ ನಂಬರನ್ನೇ ಹಾಕಿಕೊಡಲಾ? ಈ ಸೇವೆ ಸರಿಯಾಗಿ ಮಾಡೋದು ಹೇಗೆ?
– ಒಬ್ಬ ಓದುಗ, ಗೋಕಾಕ ತಾಲ್ಲೂಕು

ಉತ್ತರ: ಹವಾಲ್ದಾರರೇ, ನಿಮ್ಮ ನಂಬರ್ ಖಂಡಿತ ಹಾಕಬೇಡಿ. ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ನಾಲ್ಕಾರು ಮನೆಯ ಒಟಿಪಿ ಒಂದೇ ಫೋನಿಗೆ ಬರೋಕೆ ಶುರುವಾದರೆ, ನಾಳೆ ಯಾರದ್ದೋ ಖಾತೆಯಲ್ಲಿ ದುಡ್ಡು ಏರುಪೇರಾದಾಗ ಮೊದಲು ಅನುಮಾನ ಬರೋದು ನಿಮ್ಮ ಮೇಲೇ. ಮಗನದೋ ಸೊಸೆಯದೋ ನಂಬರ್ ಕೊಡಿಸಿ. ಪಾಸ್‌ವರ್ಡ್ ಅವರ ಮನೆಯಲ್ಲೇ ಇರಲಿ.

ಪಿಂಚಣಿ ನಿಂತುಹೋಯಿತು ಅಂತ ಬರುವವರ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಕೊಡುವ ಪ್ರಮಾಣಪತ್ರ, ಮೊದಲು ನೋಡಿ. ಪಿಂಚಣಿ ಸ್ಪರ್ಶ್‌ಗೆ ಬಂದಿದ್ದರೂ ಎಷ್ಟೋ ಜನ ಹಳೇ ಅಭ್ಯಾಸದಲ್ಲಿ ಪಿಂಚಣಿ ಕೊಡುವವರು ಯಾರು ಅನ್ನೋ ಕಡೆ ತಮ್ಮ ಬ್ಯಾಂಕಿನ ಹೆಸರನ್ನೇ ಆರಿಸುತ್ತಾರೆ, ಪ್ರಮಾಣಪತ್ರ ಎಲ್ಲಿಗೋ ಹೋಗುತ್ತದೆ. ಅಲ್ಲಿ ಆರಿಸಬೇಕಾದ್ದು ಸ್ಪರ್ಶ್, ಪಿಸಿಡಿಎ ಪೆನ್ಶನ್, ಅಲಹಾಬಾದ್ (ರಕ್ಷಣಾ ಪಿಂಚಣಿಯ ಲೆಕ್ಕಪತ್ರ ಕಚೇರಿ).

ಆದರೆ ನಿಜವಾದ ಕೆಲಸ ಇರೋದು ಹೆಂಡತಿಯ ಹೆಸರು ಸರಿಪಡಿಸೋದರಲ್ಲಿ. ಎಂದೋ ಒಬ್ಬ ಕ್ಲರ್ಕ್ ಸೇನೆಯ ದಾಖಲೆಯಲ್ಲಿ ಲಕ್ಷ್ಮೀಬಾಯಿ ಅಂತ ಬರೆದಿರುತ್ತಾನೆ, ಆಧಾರ್‌ನಲ್ಲಿ ಲಕ್ಷ್ಮವ್ವ ಅಂತ ಇರುತ್ತದೆ, ಹುಟ್ಟಿದ ದಿನಾಂಕ ಎರಡರಲ್ಲೂ ಬೇರೆ ಬೇರೆ. ಗಂಡ ಇರುವಷ್ಟು ದಿನ ಇದು ಯಾರಿಗೂ ಕಾಣೋದಿಲ್ಲ. ಅವರು ತೀರಿಕೊಂಡಮೇಲೆ ಕುಟುಂಬ ಪಿಂಚಣಿ ಕೇಳೋಕೆ ಹೋದಾಗ ಆ ಅವ್ವ ನಾನೇ ಅವರ ಹೆಂಡತಿ ಅಂತ ಸಾಬೀತು ಮಾಡುತ್ತಾ ಓಡಾಡಬೇಕು. ಗಂಡ ಇದ್ದಾಗಲೇ ಆದರೆ ಅವರೇ ಅಫಿಡವಿಟ್ ಮಾಡಿಸಿ, ಸಹಿ ಹಾಕಿ, ತಮ್ಮ ದಳದವರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಕಳಿಸಬಹುದು. ನಿಮ್ಮ ಮರಾಠಾದವರದ್ದು ಬೆಳಗಾವಿಯಲ್ಲೇ ಇದೆ, ಸುಲಭ. ಸಿಗ್ನಲ್ಸ್‌ನವರದ್ದು ಜಬಲ್ಪುರ, ಆರ್ಟಿಲರಿಯವರದ್ದು ನಾಸಿಕ್, ಅವರಿಗೇ ನಿಮ್ಮ ಸಹಾಯ ಜಾಸ್ತಿ ಬೇಕು. ಹಾಗಾಗಿ ತೊಂದರೆ ಹೇಳಿಕೊಂಡು ಬರುವವರನ್ನು ಕಾಯುತ್ತಾ ಕೂರಬೇಡಿ. ಯಾವ ತೊಂದರೆಯೂ ಇಲ್ಲ ಅನ್ನುವವರ ಮನೆಗೇ ಹೋಗಿ, ಪಿಪಿಒ (ಪಿಂಚಣಿ ಆದೇಶ ಪತ್ರ), ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಇಬ್ಬರ ಆಧಾರ್ ಪಕ್ಕಪಕ್ಕ ಇಟ್ಟು ಓದಿ. ಆ ಮನೆಯಾಕೆಯನ್ನೂ ಕೂರಿಸಿಕೊಳ್ಳಿ. ಗಂಡನ ಪಿಪಿಒ ಯಾವ ಪೆಟ್ಟಿಗೆಯಲ್ಲಿದೆ ಅಂತಾನೂ ಎಷ್ಟೋ ಜನ ಹೆಣ್ಣುಮಕ್ಕಳಿಗೆ ಯಾರೂ ಹೇಳಿರೋದಿಲ್ಲ, ನಮ್ಮ ಗಂಡಸರ ಬುದ್ಧಿಯೇ ಅಷ್ಟು.

ಇನ್ನೊಂದು ಗುಂಪಿದೆ, ಹದಿನೈದು ವರ್ಷ ಸೇವೆ ತುಂಬುವ ಮೊದಲೇ ಸೇನೆ ಬಿಟ್ಟು ಬಂದು ಪಿಂಚಣಿ ಸಿಗದವರು. ನಾಚಿಕೆಯಿಂದ ಅವರು ಸಭೆಗೂ ಬರೋದಿಲ್ಲ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ಹುದ್ದೆಯಲ್ಲಿದ್ದು, ಪಿಂಚಣಿ ಇಲ್ಲದೆ, 65 ದಾಟಿ, ಬೇರೆ ಆದಾಯವೂ ಇಲ್ಲದವರಿಗೆ, ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳ ಸಹಾಯಧನ ಕೊಡುತ್ತದೆ. 4,000 ರೂಪಾಯಿ ಇದ್ದದ್ದನ್ನು 2025ರ ನವೆಂಬರ್‌ನಿಂದ ಬರುವ ಅರ್ಜಿಗಳಿಗೆ 8,000 ಮಾಡಿದ್ದಾರೆ. ಇಂಥವರನ್ನು ಹುಡುಕಿಕೊಂಡು ಹೋಗಿ.

ದುಡ್ಡು ಕೊಡೋಕೆ ಬಂದರೆ ತಗೋಬೇಡಿ, ಸ್ಟಾಂಪ್ ಪೇಪರ್ ಅವರೇ ತರಲಿ. ಬೆಳಗಾವಿಗೆ ಹೋದಾಗ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಹೀಗೀಗೆ ಮಾಡುತ್ತಿದ್ದೇನೆ ಅಂತ ತಿಳಿಸಿ, ಹೆಸರು ತಿದ್ದುಪಡಿಗೆ ಏನೇನು ಕಾಗದ ಬೇಕು ಅಂತ ಕೇಳಿಕೊಂಡು ಬನ್ನಿ. ಮೊದಲು ನಿಮ್ಮ ಮನೆಯವರ ಹೆಸರು ಸರಿ ಇದೆಯಾ ನೋಡಿಕೊಳ್ಳಿ, ಆಮೇಲೆ ಪಕ್ಕದ ಮನೆ.