ಹೊಗೆಸೊಪ್ಪು ಬಿಟ್ಟ ಮೇಲೂ ಎಲೆ ಅಡಿಕೆ ಹಾಕಬಹುದಾ?

ತಂದೆಯವರು ಕಡ್ಡಿಪುಡಿ ಬಿಟ್ಟಿದ್ದಾರೆ, ಈಗ ಬರೀ ಎಲೆ, ಅಡಿಕೆ, ಸುಣ್ಣ ಹಾಕ್ತಾರೆ, ಇನ್ನು ಬಾಯಿ ಕ್ಯಾನ್ಸರ್ ಭಯ ಇಲ್ಲ ಅಲ್ವಾ ಎಂದು ಕೇಳಿದ್ದೀರಿ. ಕಡ್ಡಿಪುಡಿ ಬಿಟ್ಟಿದ್ದು ದೊಡ್ಡ ಕೆಲಸ, ಅವರನ್ನು ಮೆಚ್ಚಲೇಬೇಕು. ಆದರೆ ಅಪಾಯ ಪೂರ್ತಿ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆಯೂ ಅಲ್ಲೇ ಇದೆ. ಅಡಿಕೆ ಬೆಳೆಯುವ ನಮ್ಮ ಕಡೆಯವರಿಗೆ ಇದು ಬೇಜಾರಿನ ಮಾತು, ಆದರೂ ಹೇಳದೆ ಇರೋಕಾಗಲ್ಲ.

ಅಡಿಕೆ ಅಗಿದೂ ಅಗಿದೂ ಕೆನ್ನೆಯ ಒಳಭಾಗ ಬಿಗಿಯಬಹುದು. ಆಗ ಖಾರ ತಿಂದರೆ ಉರಿ, ಬಾಯಿ ತೆರೆಯಲು ಕಷ್ಟ. ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಮುಂದಿನ ಹಲ್ಲುಗಳ ನಡುವೆ ಹೋಗುತ್ತವಾ ನೋಡಿ. ಟಾರ್ಚ್ ಹಿಡಿದು ಕೆನ್ನೆ ಒಳಗೆ, ನಾಲಿಗೆ ಕೆಳಗೆ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತಡ ಮಾಡದೆ ದಂತವೈದ್ಯರಿಗೆ ತೋರಿಸಿ. ಏನೂ ಕಾಣದಿದ್ದರೂ ಒಮ್ಮೆ ತೋರಿಸಿ.

ಒಂದೇ ಸಲ ಬಿಡೋಕೆ ಆಗಲ್ಲ ಅಂದರೆ, ದವಡೆಯಲ್ಲಿ ಇಟ್ಟುಕೊಂಡು ಮಲಗುವುದನ್ನು ಮೊದಲು ನಿಲ್ಲಿಸಲಿ. ಊಟ ಆದ ಮೇಲೆ ತಟ್ಟೆಯಲ್ಲಿ ಸೋಂಪು, ಏಲಕ್ಕಿ ಇಡಿ.