ಎಲೆ ಸಿಕ್ಕ ಜಾಗದಿಂದ ಶುರು ಮಾಡಿ ಸರ್

ನಮಸ್ಕಾರ ಸರ್,

ಪುಟಾಣಿಗಳಿಗೆ ಪ್ರಕೃತಿಯ ಚಿತ್ರಪುಸ್ತಕ ಓದಿ ಹೇಳೋದರ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಮೊದಲೇ ಹೇಳಿಬಿಡ್ತೀನಿ, ಸುತ್ತಿ ಬಳಸಿ ಹೇಳಿದ್ರೆ ಇಬ್ರಿಗೂ ಬೇಜಾರು. ಆದ್ರೆ ಬಿಡೋಕೂ ಮನಸ್ಸು ಬರ್ತಿಲ್ಲ, ಅದಕ್ಕೇ ಇಷ್ಟುದ್ದ ಪತ್ರ.

ಮೊದಲ ಎರಡು ಪುಟ ಪೂರ್ತಿ 'ಇಂದಿನ ಯಾಂತ್ರಿಕ ಯುಗದಲ್ಲಿ ಮಕ್ಕಳು ಮೊಬೈಲಿನ ದಾಸರಾಗಿದ್ದಾರೆ' ಅನ್ನೋದೇ ಇದೆ. ಇದನ್ನ ಓದೋ ಅಪ್ಪ ಅಮ್ಮ ಮೊಬೈಲಲ್ಲೇ ಓದ್ತಿರ್ತಾರೆ, ಪಕ್ಕದಲ್ಲಿ ಮಗು ಇನ್ನೊಂದು ಮೊಬೈಲ್ ಹಿಡ್ಕೊಂಡು ಕೂತಿರುತ್ತೆ, ಬೈಸ್ಕೊಂಡು ಮುಂದಕ್ಕೆ ಯಾರು ಓದ್ತಾರೆ ಹೇಳಿ. ಅಷ್ಟನ್ನೂ ತೆಗೀರಿ.

ಮೂರನೇ ಪುಟದ ಕೊನೇಲಿ, ನಾಚ್ಕೊಂಡು ಬರೆದ ಹಾಗೆ ಬ್ರಾಕೆಟ್ಟಲ್ಲಿ ಹಾಕಿದ್ದೀರಲ್ಲ ಒಂದು ಸಾಲು, ಎರಡು ವರ್ಷದ ಮೊಮ್ಮಗಳು ಲಾಲ್‌ಬಾಗಲ್ಲಿ ಬಿದ್ದಿದ್ದ ಹೊಂಗೆ ಎಲೆ ಎತ್ಕೊಂಡು ಅದರ ಮೇಲಿನ ಬಿಳಿ ಸೊಟ್ಟಪಟ್ಟ ಗೆರೆ ತೋರ್ಸಿ 'ತಾತ, ಹುಳ ಗೀಚಿದೆ' ಅಂದ್ಳು, ಮನೆಗೆ ಬಂದು ಪುಸ್ತಕದಲ್ಲಿ ಹುಳ ಇರೋ ಪುಟ ಹುಡುಕಿ ಅದರ ಮೇಲೆ ಎಲೆ ಇಟ್ಳು ಅಂತ. ಅಯ್ಯೋ ಸರ್, ಲೇಖನ ಅಂದ್ರೆ ಇದೇ! ಉಳಿದಿದ್ದೆಲ್ಲ ನಮ್ಮ ಹೈಸ್ಕೂಲಿನ ಪ್ರಬಂಧ. ಇನ್ನೊಂದು ಗೊತ್ತಾ, ಆ ಮಗು ಹೇಳಿದ್ದು ಅಕ್ಷರಶಃ ನಿಜ. ಎಲೆಯ ಮೇಲ್ಪದರ ಕೆಳಪದರ ಎರಡರ ಮಧ್ಯೆ ಸಣ್ಣ ಮರಿಹುಳ ಕೂತು ಹಸಿರನ್ನ ತಿಂತಾ ಹೋದ ದಾರಿ ಅದು. ಬೆಳಕಿಗೆ ಹಿಡಿದು ನೋಡಿ, ಗೆರೆ ಶುರುವಾದಲ್ಲಿ ಕೂದಲೆಳೆ ಥರ ಇದ್ದು ಹೋಗ್ತಾ ಹೋಗ್ತಾ ಅಗಲ ಆಗಿರುತ್ತೆ, ಯಾಕಂದ್ರೆ ತಿಂತಾ ತಿಂತಾ ಹುಳಾನೂ ದಪ್ಪ ಆಗಿರುತ್ತೆ. ಇಷ್ಟು ಸಾಕು, ಒಂದು ಪ್ಯಾರಾ ಆಯ್ತು ನೋಡಿ.

ನೀವು ಓದಿ ಹೇಳಿದ ಪುಸ್ತಕ ಹೊರದೇಶದ್ದು, ಅದ್ರಲ್ಲಿ 'ಶರತ್ಕಾಲದಲ್ಲಿ ಎಲೆ ಕೆಂಪಾಗಿ ಉದುರುತ್ತವೆ' ಅಂತ ಇತ್ತು, ಹಾಗೇ ಹೇಳಿಕೊಟ್ಟೆ ಅಂದಿದ್ದೀರಿ. ನಮ್ಮೂರಲ್ಲಿ ಯಾವ ಶರತ್ಕಾಲ ಸರ್, ಹೊಂಗೆ ಎಲೆ ಉದುರ್ಸೋದೇ ಚಳಿ ಮುಗಿಯೋ ಹೊತ್ತಿಗೆ, ಅದರ ಹಿಂದೇನೇ ತಿಳಿಹಸಿರು ಚಿಗುರು ಬಂದಿರುತ್ತೆ. ಕೆಂಪೆಲೆ ಬೇಕಾದ್ರೆ ರಸ್ತೆ ಪಕ್ಕದ ಬಾದಾಮಿ ಮರ ಇದೆಯಲ್ಲ, ಉದುರೋ ಮುಂಚೆ ಅಂಗೈಗಿಂತ ದೊಡ್ಡ ಎಲೆ ಚೆನ್ನಾಗಿ ಕೆಂಪಾಗುತ್ತೆ, ಅದನ್ನ ಆ ಪುಟದ ಪಕ್ಕ ಇಡಿ. ಪುಸ್ತಕದ ಅಳಿಲಿಗೆ ಪೊದೆ ಬಾಲ, ಮೈಯೆಲ್ಲ ಒಂದೇ ಬಣ್ಣ, ನಮ್ಮದಕ್ಕೆ ಬೆನ್ನ ಮೇಲೆ ಮೂರು ಗೆರೆ. ಮೊಮ್ಮಗಳು ಅದನ್ನ ಕಂಡು ಹಿಡಿದ್ಲಾ? ಏನಂದ್ಲು? ನಾನಂತೂ ಅದನ್ನೇ ಹುಡುಕ್ತಾ ಹೋದೆ, ನೀವು ಬರೆದೇ ಇಲ್ಲ.

ಎರಡು ತಪ್ಪು. ಗುಲ್‌ಮೊಹರ್ ನಮ್ಮ ಮಣ್ಣಿನ ಮರ ಅಲ್ಲ, ಮಡಗಾಸ್ಕರಿಂದ ಬಂದಿದ್ದು. ಇನ್ನೊಂದು ಇದಕ್ಕಿಂತ ಸೀರಿಯಸ್, 'ದಾರಿಬದಿಯ ಕಣಗಿಲೆ ಹೂವು ಕಿತ್ತು ಮಗುವಿನ ಕೈಗೆ ಕೊಡಿ' ಅಂತ ಬರೆದಿದ್ದೀರಿ. ಕಣಗಿಲೆ ಗಿಡ ಪೂರ್ತಿ ವಿಷ, ಎಲೆ ಹೂವು ಕಾಂಡ ಎಲ್ಲಾ, ಮತ್ತೆ ಎರಡು ವರ್ಷದ ಮಗುಗೆ ಸಿಕ್ಕಿದ್ದೆಲ್ಲ ಸೀದಾ ಬಾಯಿಗೆ. (ನಮ್ಮ ಮನೇಲಿ ಒಂದು ರಟ್ಟಿನ ಪುಸ್ತಕದ ನಾಲ್ಕೂ ಮೂಲೆ ಕಚ್ಚಿ ಕಚ್ಚಿ ರೌಂಡ್ ಆಗಿದೆ.) ಆ ಸಾಲು ಯಾವ ಕಾರಣಕ್ಕೂ ಅಚ್ಚಾಗಬಾರದು.

ಲಾಲ್‌ಬಾಗನ್ನ ಹೈದರಾಲಿ 1760ರಲ್ಲಿ ಶುರು ಮಾಡಿದ್ದು, ಗಾಜಿನ ಮನೆ ಇತಿಹಾಸ, ಎಲ್ಲಾ ಸರಿ, ಆದ್ರೆ ಇಲ್ಲಿ ಬೇಡ. ಕೆಂಪೇಗೌಡ ಗೋಪುರ ಇರೋ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಬರೆದಿದ್ದೀರಲ್ಲ, ಅದು ಬೇಕಾದ್ರೆ ಇರ್ಲಿ, ಮೊಮ್ಮಗಳು ಅದರ ಮೇಲೆ ಕುಂಡಿ ಊರಿ ಜಾರಿದ್ರೆ ಮಾತ್ರ.

ಕೊನೆಯ 'ಪೋಷಕರಿಗೆ ಹತ್ತು ಸಲಹೆಗಳು' ತೆಗೆದುಬಿಡಿ. ಹನ್ನೆರಡು ಪುಸ್ತಕದ ಪಟ್ಟಿನೂ ಅಷ್ಟೇ, ಅರ್ಧಕ್ಕರ್ಧ ಐನೂರು ರೂಪಾಯಿ ಮೇಲಿನವು. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ 2015ರಿಂದ ಇದೆ, ಕನ್ನಡದ ಚಿತ್ರಪುಸ್ತಕ ದುಡ್ಡಿಲ್ಲದೆ ಓದ್ಬಹುದು, ಪ್ರಿಂಟೂ ಹಾಕ್ಕೋಬಹುದು, ಅದೊಂದು ಸಾಲು ಸೇರ್ಸಿ.

'ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೂ ಓದಿ ಹೇಳಿದೆ' ಅಂತೀರಿ, ನಾನು ನಂಬಲ್ಲ ಸರ್, ಬೇಜಾರು ಮಾಡ್ಕೋಬೇಡಿ. ಎರಡು ವರ್ಷದ ಯಾವ ಮಗು ಹಾಗೆ ಕೂರುತ್ತೆ? ನಾಲ್ಕು ಪುಟ ಒಟ್ಟಿಗೆ ತಿರುವಿ ಹಾಕುತ್ತೆ, ಪುಸ್ತಕ ತಲೆಕೆಳಗೆ ಹಿಡಿಯುತ್ತೆ, ಅದೇ ಕಪ್ಪೆ ಪುಟಕ್ಕೆ ವಾಪಸ್ ಬಂದು 'ಇನ್ನೊಂದ್ಸಲ' ಅನ್ನುತ್ತೆ. ಅವಳು ಎಲ್ಲಿ ನಿಂತ್ಲು, ಯಾವ ಪುಟಕ್ಕೆ ಬೆರಳಿಟ್ಲು, ನಿಮಗೆ ಯಾವಾಗ ಸಾಕಪ್ಪಾ ಅನ್ನಿಸ್ತು, ಅದನ್ನ ಬರೀರಿ.

ಆರುನೂರು ಪದ ಸಾಕು, ಮನೇಲಿ ಮಾತಾಡೋ ಕನ್ನಡದಲ್ಲೇ. ಮುಂದಿನ ತಿಂಗಳ ಹತ್ತನೇ ತಾರೀಕೊಳಗೆ ಕಳ್ಸಿದ್ರೆ ಜಾಗ ಇಟ್ಟಿರ್ತೀನಿ. ಆ ಹೊಂಗೆ ಎಲೆ ಇನ್ನೂ ಪುಸ್ತಕದೊಳಗೇ ಇದ್ರೆ ಪುಟದ ಸಮೇತ ಒಂದು ಫೋಟೋ ತೆಗೆದು ಜೊತೆಗೆ ಹಾಕಿ, ಒಣಗಿ ಮುರಿದಿದ್ರೂ ಪರವಾಗಿಲ್ಲ.