ಬೇಂದ್ರೆಯವರು ಹುಟ್ಟಿದ 1896ರಲ್ಲಿ ಇನ್ನೇನೇನು ನಡೆಯಿತು?

ಮಾನ್ಯರೇ, ವರಕವಿ ಬೇಂದ್ರೆಯವರು ಹುಟ್ಟಿದ 1896ರಲ್ಲಿ ಜಗತ್ತಿನಲ್ಲಿ ಇನ್ನೇನು ನಡೆಯಿತು, ಎಕ್ಸ್‌-ರೇಯನ್ನು ಆ ವರ್ಷದ ಶೋಧವೆಂದು ಗ್ರಂಥಾಲಯದ ಫಲಕದಲ್ಲಿ ಬರೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ಜರ್ಮನಿಯ ಭೌತವಿಜ್ಞಾನಿ ರಾಂಟ್‌ಜನ್ ಅದನ್ನು ಕಂಡದ್ದು 1895ರ ನವೆಂಬರ್ 8ರಂದು. ಸುದ್ದಿ ಪತ್ರಿಕೆಗಳಲ್ಲಿ ಹರಡಿದ್ದು ಮಾತ್ರ 1896ರ ಜನವರಿಯಲ್ಲಿ. ಅದೇ ತಿಂಗಳ 31ರಂದು ಧಾರವಾಡದಲ್ಲಿ ಬೇಂದ್ರೆಯವರು ಜನಿಸಿದರು. ಎಕ್ಸ್‌-ರೇ ಬದಲು ಫ್ರೆಂಚ್ ವಿಜ್ಞಾನಿ ಬೆಕೆರೆಲ್ ಅವರ ವಿಕಿರಣಶೀಲತೆಯ, ಅಂದರೆ ಕೆಲವು ವಸ್ತುಗಳು ತಾವಾಗಿಯೇ ಕಿರಣ ಸೂಸುವ ಗುಣದ, ಶೋಧಕ್ಕೆ ಜಾಗ ಕೊಡಿ. ಬಿಸಿಲಿಗೆ ಒಡ್ಡಿದರಷ್ಟೇ ಯುರೇನಿಯಂ ಲವಣ ಕಿರಣ ಸೂಸುತ್ತದೆಂದು ಅವರು ಮೊದಲು ಭಾವಿಸಿದ್ದರು. ಪ್ಯಾರಿಸ್‌ನಲ್ಲಿ ಮೋಡ ಕವಿದು ಬಿಸಿಲು ಬಾರದ ಕಾರಣ ಅವರು ಕಪ್ಪು ಕಾಗದದಲ್ಲಿ ಸುತ್ತಿದ ಛಾಯಾಫಲಕವನ್ನು ಯುರೇನಿಯಂ ಲವಣದ ಸಮೇತ ಮೇಜಿನ ಖಾನೆಯೊಳಗೆ ಇಟ್ಟಿದ್ದರು. ಮಾರ್ಚ್ 1ರಂದು ಫಲಕವನ್ನು ತೊಳೆದು ನೋಡಿದಾಗ, ಕತ್ತಲೆಯಲ್ಲೇ ಇದ್ದರೂ ಲವಣದ ಅಚ್ಚು ಗಾಢವಾಗಿ ಮೂಡಿತ್ತು. ನನ್ನನ್ನು ಇಂದಿಗೂ ಬೆರಗಾಗಿಸುವ ಸಂಗತಿ ಇದು.

ಏಪ್ರಿಲ್‌ನಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆಯಿತು. ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳ ಪ್ರದರ್ಶನವಾಯಿತು. ಅದೇ ಮುಂಬಯಿಯಲ್ಲಿ ಸೆಪ್ಟೆಂಬರಿನಲ್ಲಿ ಪ್ಲೇಗು ಪತ್ತೆಯಾಯಿತು. ಅದು 1898ರಲ್ಲಿ ಬೆಂಗಳೂರಿಗೂ ಬಂದು, ಇಕ್ಕಟ್ಟಾದ ಪೇಟೆಯನ್ನು ಬಿಟ್ಟ ಜನರಿಂದ ಮಲ್ಲೇಶ್ವರ, ಬಸವನಗುಡಿಗಳು ಬೇಗ ಬೆಳೆದದ್ದರಿಂದ, ಸಂಭ್ರಮದ ಸಂಗತಿಗಳ ಪಕ್ಕದಲ್ಲಿ ಈ ಸಾಲನ್ನೂ ತಪ್ಪದೆ ಸೇರಿಸಿ.